ಮೊದಲು ಮರಳಿ ತರುವುದನ್ನು ಕಲಿಯಿರಿ: ಕ್ಲೌಡ್ ಡಿಸ್ಕ್‌ಗಳ ಬ್ಯಾಕಪ್‌ಗೆ ಒಂದು ಮಾರ್ಗದರ್ಶಿ

ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ನಾನು ಸರ್ವರ್ ನೋಡಿಕೊಳ್ಳುತ್ತಿದ್ದ ಸಣ್ಣ ಸಂಸ್ಥೆಯೊಂದರಲ್ಲಿ ಸದಸ್ಯರು ಅಪ್‌ಲೋಡ್ ಮಾಡಿದ್ದ ದಾಖಲೆಗಳ ಫೋಲ್ಡರ್ ಖಾಲಿಯಾಗಿತ್ತು. ಹಳೆಯ ಕಡತಗಳನ್ನು ಅಳಿಸುವ ಸ್ಕ್ರಿಪ್ಟ್‌ನಲ್ಲಿ ಯಾರೋ ಫೋಲ್ಡರ್‌ನ ಹೆಸರನ್ನು ತಪ್ಪಾಗಿ ಬರೆದಿದ್ದರು. ನಾನು ಗಾಬರಿಯಾಗಲಿಲ್ಲ. ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಪ್ರತಿ, ತಾನಾಗಿಯೇ ಆಗುತ್ತಿತ್ತಲ್ಲ! ಕ್ಲೌಡ್ ಖಾತೆ ನಿರ್ವಹಿಸುವ ವೆಬ್ ಪುಟವಾದ ಕನ್ಸೋಲ್ ತೆರೆದೆ. ಏಳು ದಿನಗಳ ಏಳು ಸ್ನ್ಯಾಪ್‌ಶಾಟ್‌ಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮುಂದೆಯೂ ಹಸಿರು ಗುರುತು. ಆದರೆ ಏಳೂ ಡೇಟಾಬೇಸ್ ಡಿಸ್ಕಿನವು. ದಾಖಲೆಗಳ ಡಿಸ್ಕನ್ನು ನಾಲ್ಕು ತಿಂಗಳ ಹಿಂದೆ, ಜಾಗ ಸಾಲದೆಂದು, ಬೇರೆಯಾಗಿ ಸೇರಿಸಿದ್ದೆವು. ಅದಕ್ಕೆ ಟ್ಯಾಗ್, ಅಂದರೆ ಗುರುತಿನ ಚೀಟಿ, ಹಾಕುವುದನ್ನು ಮರೆತಿದ್ದೆವು. ಟ್ಯಾಗ್ ಇಲ್ಲದ ಡಿಸ್ಕ್ ಬ್ಯಾಕಪ್ ನಿಯಮದ ಕಣ್ಣಿಗೆ ಬೀಳುವುದಿಲ್ಲ. ಸದಸ್ಯರನ್ನು ಒಬ್ಬೊಬ್ಬರಾಗಿ ಕೇಳಿ ದಾಖಲೆಗಳನ್ನು ಮತ್ತೆ ಪಡೆಯಲು ಆರು ವಾರ ಹಿಡಿಯಿತು. ಕೆಲವು ಸಿಗಲೇ ಇಲ್ಲ.

ಆ ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ ಬ್ಯಾಕಪ್‌ನಿಂದ ಇಡೀ ಸರ್ವರನ್ನು ಎಬ್ಬಿಸಿ ನೋಡಿದ್ದರೂ ಅರ್ಧ ಗಂಟೆಯಲ್ಲಿ ಈ ಲೋಪ ಕಾಣುತ್ತಿತ್ತು. ಅದಕ್ಕೇ ಈ ಮಾರ್ಗದರ್ಶಿಯ ಕ್ರಮ ಸ್ವಲ್ಪ ತಿರುವುಮುರುವು. ಸಾಮಾನ್ಯವಾಗಿ ಕೊನೆಗೆ ಹೇಳುವ ಮರುಸ್ಥಾಪನೆಯನ್ನು ಇಲ್ಲಿ ಮೊದಲೇ ಮಾಡಿಸುತ್ತೇನೆ. ಉದಾಹರಣೆಗೆ ಅಮೆಜಾನ್ ವೆಬ್ ಸರ್ವಿಸಸ್‌ನ ಎಲಾಸ್ಟಿಕ್ ಬ್ಲಾಕ್ ಸ್ಟೋರ್, ಅಂದರೆ ಇಬಿಎಸ್ ಅನ್ನು ತೆಗೆದುಕೊಂಡಿದ್ದೇನೆ. ನನಗೆ ಹೆಚ್ಚು ಬಳಕೆ ಇರುವುದು ಅದೇ. ಕರ್ನಾಟಕದ ಅನೇಕ ಸಣ್ಣ ಕಂಪನಿಗಳ ಸರ್ವರ್‌ಗಳೂ ಅದರ ಮುಂಬೈ ರೀಜನ್‌ನಲ್ಲಿ, ಅಂದರೆ ಮುಂಬೈ ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪಿನಲ್ಲಿವೆ.

ಸ್ನ್ಯಾಪ್‌ಶಾಟ್ ಒಳಗೆ ಏನಿರುತ್ತದೆ

ಇಬಿಎಸ್ ವಾಲ್ಯೂಮ್ ಎಂದರೆ ನಿಮ್ಮ ಸರ್ವರ್‌ಗೆ ನೆಟ್‌ವರ್ಕ್ ಮೂಲಕ ಜೋಡಿಸಿದ ಡಿಸ್ಕ್. ಅದು ಒಂದೇ ಒಂದು ಅವೈಲಬಿಲಿಟಿ ಜೋನ್‌ಗೆ, ಅಂದರೆ ರೀಜನ್‌ನ ಒಂದು ಪ್ರತ್ಯೇಕ ಭಾಗಕ್ಕೆ, ಕಟ್ಟಿಕೊಂಡಿರುತ್ತದೆ. ಒಳಗೊಳಗೇ ಅದರ ಪ್ರತಿಗಳು ಇರುತ್ತವೆ ನಿಜ, ಆದರೂ ಸಾಮಾನ್ಯ ದರ್ಜೆಯ ವಾಲ್ಯೂಮ್‌ಗಳನ್ನು ಸಾವಿರ ಸಂಖ್ಯೆಯಲ್ಲಿ ಒಂದು ವರ್ಷ ಓಡಿಸಿದರೆ ಒಂದೆರಡು ಕೆಡಬಹುದೆಂದು ಅಮೆಜಾನ್ ತಾನೇ ಹೇಳುತ್ತದೆ. ಡಿಸ್ಕ್ ಕೆಡದಿದ್ದರೂ ಮನುಷ್ಯರ ಕೈತಪ್ಪಿಗೆ ಆ ಪ್ರತಿಗಳಿಂದ ಯಾವ ರಕ್ಷಣೆಯೂ ಇಲ್ಲ. ನೀವು ಅಳಿಸಿದ್ದು ಎಲ್ಲ ಪ್ರತಿಗಳಲ್ಲೂ ಅದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಸ್ನ್ಯಾಪ್‌ಶಾಟ್ ಇದಕ್ಕಿಂತ ಬೇರೆ. ಅದು ಜೋನ್‌ನ ಆಚೆ, ಇಡೀ ರೀಜನ್‌ಗೆ ಸೇರಿದ, ಎಸ್3 ಎಂಬ ಅಮೆಜಾನಿನ ಸಂಗ್ರಹದಲ್ಲಿ ಇರುತ್ತದೆ. 100 ಜಿಬಿ ಡಿಸ್ಕಿನಲ್ಲಿ 40 ಜಿಬಿ ಬರೆದಿದ್ದರೆ ಮೊದಲ ಸ್ನ್ಯಾಪ್‌ಶಾಟ್ ಹಿಡಿಯುವುದು ಸುಮಾರು 40 ಜಿಬಿ. ಮರುದಿನದೊಳಗೆ 2 ಜಿಬಿಯಷ್ಟು ಬದಲಾಗಿದ್ದರೆ ಎರಡನೆಯದು ಆ 2 ಜಿಬಿಯನ್ನಷ್ಟೇ ಎತ್ತಿಕೊಳ್ಳುತ್ತದೆ. ಉಳಿದದ್ದಕ್ಕೆ ಮೊದಲನೆಯದರ ಕಡೆ ಬೊಟ್ಟು ಮಾಡುತ್ತದೆ. ಹಾಗಾದರೆ ಮೊದಲನೆಯದನ್ನು ಅಳಿಸಿದರೆ ಎರಡನೆಯದು ಹಾಳಾಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಇಲ್ಲ. ಬೇರಾವ ಸ್ನ್ಯಾಪ್‌ಶಾಟ್‌ಗೂ ಬೇಡದ ಬ್ಲಾಕ್‌ಗಳು, ಅಂದರೆ ಡಿಸ್ಕಿನ ಸಣ್ಣ ತುಣುಕುಗಳು, ಮಾತ್ರ ಅಳಿಯುತ್ತವೆ. ಯಾವುದನ್ನು ಯಾವ ಕ್ರಮದಲ್ಲಿ ಅಳಿಸಿದರೂ ಉಳಿದವು ಪೂರ್ತಿಯಾಗಿಯೇ ಇರುತ್ತವೆ.

ಎಲ್ಲ ಕಡೆ ಹೀಗೆ ಎಂದುಕೊಳ್ಳಬೇಡಿ. ಸ್ವಂತ ಕ್ಲೌಡ್ ಕಟ್ಟಿಕೊಳ್ಳಲು ಬಳಸುವ ಓಪನ್‌ಸ್ಟ್ಯಾಕ್ ತಂತ್ರಾಂಶದ ಡಿಸ್ಕ್ ಸೇವೆಯಾದ ಸಿಂಡರ್‌ನಲ್ಲಿ ಸ್ನ್ಯಾಪ್‌ಶಾಟ್ ಬೇರೆ, ಬ್ಯಾಕಪ್ ಬೇರೆ. ಅಲ್ಲಿ ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಮೂಲ ಡಿಸ್ಕ್ ಇರುವ ಸಂಗ್ರಹದಲ್ಲೇ ಇರುತ್ತದೆ, ಆ ಪೆಟ್ಟಿಗೆ ಸುಟ್ಟರೆ ಎರಡೂ ಹೋದವು. ನಿಜವಾದ ಬ್ಯಾಕಪ್‌ಗೆ ಬೇರೆಯೇ ಆಜ್ಞೆ ಇದೆ. ಖಾಸಗಿ ಕ್ಲೌಡ್ ಬಳಸುವವರು ತಮ್ಮಲ್ಲಿ ಆಗುತ್ತಿರುವುದು ಯಾವುದು ಎಂದು ಇವತ್ತೇ ವಿಚಾರಿಸಿಕೊಳ್ಳಿ.

ಹೆಜ್ಜೆ 1: ಪಟ್ಟಿ ಮತ್ತು ಎರಡು ಪ್ರಶ್ನೆ

ಕನ್ಸೋಲ್‌ನಲ್ಲಿ ವಾಲ್ಯೂಮ್‌ಗಳ ಪುಟ ತೆರೆದು ಒಂದೊಂದನ್ನೂ ಕಾಗದದ ಮೇಲೋ ಸ್ಪ್ರೆಡ್‌ಶೀಟ್‌ನಲ್ಲೋ ಬರೆದುಕೊಳ್ಳಿ: ಯಾವ ಸರ್ವರ್‌ಗೆ ಸೇರಿದ್ದು, ಒಳಗೆ ಏನಿದೆ, ಯಾರು ಹೊಣೆ. ‘ಇದು ಏನೆಂದು ಗೊತ್ತಿಲ್ಲ’ ಎನ್ನುವ ಡಿಸ್ಕ್ ಸಿಕ್ಕರೆ ಅದನ್ನು ಅಳಿಸುವ ಮುನ್ನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ.

ಇನ್ನೊಂದನ್ನೂ ಈಗಲೇ ನೋಡಿ. ಸರ್ವರನ್ನು ಟರ್ಮಿನೇಟ್ ಮಾಡಿದಾಗ, ಅಂದರೆ ಶಾಶ್ವತವಾಗಿ ತೆಗೆದುಹಾಕಿದಾಗ, ಅದರ ರೂಟ್ ಡಿಸ್ಕ್ (ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್) ಜೊತೆಗೇ ಅಳಿಯುವಂತೆ ಮೊದಲಿನಿಂದಲೇ ನಿಗದಿಯಾಗಿರುತ್ತದೆ. ದತ್ತಾಂಶವೆಲ್ಲ ರೂಟ್ ಡಿಸ್ಕಿನಲ್ಲೇ ಇದ್ದರೆ ಈ ಆಯ್ಕೆಯನ್ನು ತೆಗೆದುಹಾಕಿ.

ನಂತರ ಪ್ರತಿ ಡಿಸ್ಕಿಗೂ ಎರಡು ಪ್ರಶ್ನೆ ಕೇಳಿ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಲ್ಲಿರಿ? ಎಷ್ಟು ಹೊತ್ತು ಸೇವೆ ನಿಂತರೆ ಸಹಿಸಬಲ್ಲಿರಿ? ಮೊದಲನೆಯ ಉತ್ತರ ಎಷ್ಟು ಸಲ ಸ್ನ್ಯಾಪ್‌ಶಾಟ್ ತೆಗೆಯಬೇಕೆಂದು ಹೇಳುತ್ತದೆ, ಎರಡನೆಯದು ಮರಳಿ ತರುವ ದಾರಿ ಎಷ್ಟು ಚುರುಕಾಗಿರಬೇಕೆಂದು. ಈ ಉತ್ತರಗಳನ್ನು ತಂತ್ರಜ್ಞರು ತಾವೇ ಕೊಟ್ಟುಕೊಳ್ಳಬಾರದು. ಆ ದತ್ತಾಂಶದ ಮೇಲೆ ಪ್ರತಿದಿನ ಕೆಲಸ ಮಾಡುವ ಲೆಕ್ಕಿಗರನ್ನೋ ವ್ಯವಸ್ಥಾಪಕರನ್ನೋ ಕೇಳಿ. ‘ದಿನಕ್ಕೊಂದು ಸಾಕು’ ಎಂದು ನಾವು ಅಂದುಕೊಂಡಿರುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಎಷ್ಟು ರಸೀದಿಗಳು ದಾಖಲಾಗಿರುತ್ತವೆ ಎನ್ನುವುದು ಅವರಿಗೆ ಗೊತ್ತು.

ಹೆಜ್ಜೆ 2: ಕೈಯಾರೆ ಒಂದು ಸ್ನ್ಯಾಪ್‌ಶಾಟ್

ವಾಲ್ಯೂಮ್ ಆರಿಸಿ, ‘ಕ್ರಿಯೇಟ್ ಸ್ನ್ಯಾಪ್‌ಶಾಟ್’ ಒತ್ತಿ, ವಿವರಣೆಯಲ್ಲಿ ಸರ್ವರ್‌ನ ಹೆಸರು ಮತ್ತು ಕಾರಣ ಬರೆಯಿರಿ. ನೀವು ಗುಂಡಿ ಒತ್ತಿದ ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಅದೇ ಸ್ನ್ಯಾಪ್‌ಶಾಟ್‌ನಲ್ಲಿ ಇರುತ್ತದೆ. ‘ಪೆಂಡಿಂಗ್’ ಎಂದು ತೋರಿಸುತ್ತಿರುವಾಗಲೂ ಡಿಸ್ಕನ್ನು ಎಂದಿನಂತೆ ಬಳಸಬಹುದು, ಆಮೇಲೆ ಬರೆದದ್ದು ಅದರಲ್ಲಿ ಸೇರುವುದಿಲ್ಲ.

ಇಲ್ಲಿ ತುಸು ನಿಲ್ಲಬೇಕು. ಓಡುತ್ತಿರುವ ಸರ್ವರ್‌ನ ಡಿಸ್ಕಿನಿಂದ ತೆಗೆದ ಸ್ನ್ಯಾಪ್‌ಶಾಟ್, ಇದ್ದಕ್ಕಿದ್ದಂತೆ ಕರೆಂಟ್ ಹೋದ ಕಂಪ್ಯೂಟರಿನ ಡಿಸ್ಕಿನಂತೆ. ಇನ್ನೂ ಮೆಮೊರಿಯಲ್ಲೇ ಇದ್ದು ಡಿಸ್ಕಿಗೆ ಇಳಿಯದ ದತ್ತಾಂಶ ಅದರಲ್ಲಿ ಇರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಸಂಗ್ರಹ ಭಾಗವಾದ ಇನ್ನೋಡಿಬಿ ಇಂಥ ಸ್ಥಿತಿಯಿಂದ ತಮ್ಮ ಲಾಗ್, ಅಂದರೆ ಬದಲಾವಣೆಗಳ ದಾಖಲೆ, ಓದಿಕೊಂಡು ಚೇತರಿಸಿಕೊಳ್ಳುವಂತೆಯೇ ರೂಪುಗೊಂಡಿವೆ. ಆದರೆ ದತ್ತಾಂಶ ಒಂದು ಡಿಸ್ಕಿನಲ್ಲೂ ಲಾಗ್ ಇನ್ನೊಂದರಲ್ಲೂ ಇದ್ದು, ಎರಡರ ಸ್ನ್ಯಾಪ್‌ಶಾಟ್‌ಗಳನ್ನು ಬೇರೆ ಬೇರೆ ಕ್ಷಣದಲ್ಲಿ ತೆಗೆದರೆ ಆ ಚೇತರಿಕೆ ಕೈಕೊಡುತ್ತದೆ. ಅಂಥ ಸರ್ವರ್‌ಗೆ ಒಂದೊಂದು ವಾಲ್ಯೂಮನ್ನು ಆರಿಸದೆ ಇಡೀ ಇನ್‌ಸ್ಟೆನ್ಸ್, ಅಂದರೆ ಸರ್ವರನ್ನೇ, ಆರಿಸಿ; ಜೋಡಿಸಿದ ಎಲ್ಲ ಡಿಸ್ಕ್‌ಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಸೌಲಭ್ಯ ಇದೆ.

ಇನ್ನೂ ಅಚ್ಚುಕಟ್ಟಾಗಿ ಬೇಕೆಂದರೆ ಸ್ನ್ಯಾಪ್‌ಶಾಟ್‌ಗೆ ಮುನ್ನ ಲಿನಕ್ಸ್‌ನ ‘ಎಫ್‌ಎಸ್‌ಫ್ರೀಜ್’ ಆಜ್ಞೆಯಿಂದ ದತ್ತಾಂಶದ ಫೈಲ್ ಸಿಸ್ಟಮ್ ಅನ್ನು ತಡೆದು ನಿಲ್ಲಿಸಿ, ಸ್ನ್ಯಾಪ್‌ಶಾಟ್ ಪೆಂಡಿಂಗ್ ಆಗುತ್ತಲೇ ಬಿಡಿ. ಮುಗಿಯುವ ತನಕ ಕಾಯಬೇಕಿಲ್ಲ, ಕೆಲವು ಸೆಕೆಂಡು ಸಾಕು. ರೂಟ್ ಡಿಸ್ಕಿನ ಮೇಲೆ ಮಾತ್ರ ಇದನ್ನು ಪ್ರಯೋಗಿಸಬೇಡಿ, ನೀವು ಕುಳಿತ ಟರ್ಮಿನಲ್ಲೇ ಹೆಪ್ಪುಗಟ್ಟೀತು. ಮೈಎಸ್‌ಕ್ಯುಎಲ್‌ನಲ್ಲಿ ಎಲ್ಲ ಟೇಬಲ್‌ಗಳಿಗೂ ರೀಡ್ ಲಾಕ್ (ಓದಲು ಮಾತ್ರ ಬಿಟ್ಟು ಬರೆಯುವುದನ್ನು ತಡೆಯುವ ಬೀಗ) ಹಾಕುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಲಾಕ್ ಹಾಕಿದ ಸಂಪರ್ಕ ತೆರೆದಿರುವಷ್ಟು ಹೊತ್ತು ಮಾತ್ರ ಲಾಕ್ ಇರುತ್ತದೆ. ಸ್ಕ್ರಿಪ್ಟ್‌ನ ಒಂದು ಸಾಲಿನಲ್ಲಿ ಸಂಪರ್ಕಿಸಿ, ಲಾಕ್ ಹಾಕಿ, ಹೊರಬಂದು, ಮುಂದಿನ ಸಾಲಿನಲ್ಲಿ ಸ್ನ್ಯಾಪ್‌ಶಾಟ್ ತೆಗೆದರೆ ಆ ಲಾಕ್ ಆಗಲೇ ಬಿಟ್ಟುಹೋಗಿರುತ್ತದೆ. ಇಂಥ ಸ್ಕ್ರಿಪ್ಟ್‌ಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಹೆಜ್ಜೆ 3: ಅದನ್ನು ಈಗಲೇ ಮರಳಿ ತನ್ನಿ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎನ್ನುತ್ತಾರಲ್ಲ, ಬ್ಯಾಕಪ್ ವಿಷಯದಲ್ಲಿ ಬಹಳ ಮಂದಿ ಮಾಡುವುದು ಅದನ್ನೇ. ಸ್ವಯಂಚಾಲಿತ ನಿಯಮ ಬರೆಯುವ ಮೊದಲು, ಈಗ ತೆಗೆದ ಸ್ನ್ಯಾಪ್‌ಶಾಟ್‌ನಿಂದ ದತ್ತಾಂಶವನ್ನು ಎಬ್ಬಿಸಿ ನೋಡಿ. ಗಡಿಯಾರ ನೋಡಿ ಶುರುಮಾಡಿ.

ಸ್ನ್ಯಾಪ್‌ಶಾಟ್ ಆರಿಸಿ ‘ಕ್ರಿಯೇಟ್ ವಾಲ್ಯೂಮ್’ ಕೊಡಿ. ಜೋನ್ ಯಾವುದೆಂದು ಕೇಳುತ್ತದೆ. ಪರೀಕ್ಷಾ ಸರ್ವರ್ ಮುಂಬೈನ ‘ಎ’ ಜೋನ್‌ನಲ್ಲಿದ್ದರೆ ವಾಲ್ಯೂಮನ್ನೂ ಅಲ್ಲೇ ಮಾಡಿ, ಇಲ್ಲದಿದ್ದರೆ ಜೋಡಿಸಲು ಬರುವುದಿಲ್ಲ. ಚಾಲ್ತಿಯಲ್ಲಿರುವ ಸರ್ವರ್‌ಗೆ ಇದನ್ನು ಜೋಡಿಸಬೇಡಿ; ಅಭ್ಯಾಸಕ್ಕೆಂದು ಸಣ್ಣದೊಂದು ಸರ್ವರ್ ಎಬ್ಬಿಸಿಕೊಳ್ಳಿ. ಜೋಡಿಸಿದ ಮೇಲೆ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ ಕೊಟ್ಟರೆ ಹೊಸ ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತದೆ. ಕನ್ಸೋಲ್‌ನಲ್ಲಿ ನೀವು ಕೊಟ್ಟ ಹೆಸರೇ ಇಲ್ಲಿ ಇರಬೇಕೆಂದಿಲ್ಲ. ಹೊಸ ತಲೆಮಾರಿನ ಸರ್ವರ್‌ಗಳಲ್ಲಿ ಅದು ಎನ್‌ವಿಎಂಇ ಹೆಸರಿನಲ್ಲಿ ಬರುತ್ತದೆ, ಗಾತ್ರ ನೋಡಿ ಗುರುತಿಸಿ.

ಈಗ ಎಚ್ಚರ. ಹೊಸ ಡಿಸ್ಕ್ ಜೋಡಿಸುವುದು ಹೇಗೆಂದು ಹೇಳುವ ಪಾಠಗಳಲ್ಲಿ ಫಾರ್ಮ್ಯಾಟ್ ಮಾಡುವ ‘ಎಂಕೆಎಫ್‌ಎಸ್’ ಆಜ್ಞೆಯೂ ಇರುತ್ತದೆ. ಅದು ಖಾಲಿ ಡಿಸ್ಕಿಗೆ. ಸ್ನ್ಯಾಪ್‌ಶಾಟ್‌ನಿಂದ ಬಂದ ಡಿಸ್ಕಿನ ಮೇಲೆ ಅದನ್ನು ಓಡಿಸಿದರೆ ಮರಳಿ ತಂದದ್ದು ಕಣ್ಣೆದುರೇ ಅಳಿಯುತ್ತದೆ. ನೇರವಾಗಿ ಒಂದು ಖಾಲಿ ಫೋಲ್ಡರ್‌ಗೆ ಮೌಂಟ್ ಮಾಡಿ, ಅಂದರೆ ಡಿಸ್ಕಿನ ಕಡತಗಳು ಆ ಫೋಲ್ಡರ್‌ನಲ್ಲಿ ಕಾಣುವಂತೆ ಮಾಡಿ, ಅಷ್ಟೇ. ಮೂಲ ಡಿಸ್ಕ್ ಇರುವ ಸರ್ವರ್‌ನಲ್ಲೇ ಮೌಂಟ್ ಮಾಡಲೇಬೇಕಾಗಿ ಬಂದು, ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಆಗಿದ್ದರೆ ಮೌಂಟ್ ಆಗದೆ ದೋಷ ಬರುತ್ತದೆ. ಎರಡೂ ಡಿಸ್ಕಿನ ಗುರುತಿನ ಸಂಖ್ಯೆ ಒಂದೇ ಆಗಿರುವುದು ಅದಕ್ಕೆ ಕಾರಣ. ಮೌಂಟ್ ಆಜ್ಞೆಗೆ ‘ನೋಯುಯುಐಡಿ’ (nouuid) ಆಯ್ಕೆ ಸೇರಿಸಿದರೆ ಸರಿಹೋಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಈ ದೋಷ ನೋಡಿ ಸ್ನ್ಯಾಪ್‌ಶಾಟೇ ಹಾಳಾಗಿದೆ ಎಂದು ಕೈಚೆಲ್ಲಿದವರಿದ್ದಾರೆ, ನೆನಪಿರಲಿ.

ಫೋಲ್ಡರ್‌ಗಳು ಕಂಡ ಮಾತ್ರಕ್ಕೆ ಮುಗಿಯಲಿಲ್ಲ. ಡೇಟಾಬೇಸ್ ಸೇವೆಯನ್ನು ಅದರ ಮೇಲೆ ಶುರುಮಾಡಿ, ಕೊನೆಯ ರಸೀದಿಯ ಸಂಖ್ಯೆ, ಕೊನೆಯ ಸದಸ್ಯರ ಹೆಸರು ನೋಡಿ. ಒಂದೆರಡು ಪಿಡಿಎಫ್ ತೆರೆದು ಓದಿ. ಗಡಿಯಾರ ನೋಡಿ ಹಿಡಿದ ಸಮಯ ಬರೆದಿಡಿ. ಪಟ್ಟಿಯ ಎರಡನೇ ಪ್ರಶ್ನೆಗೆ ನಿಮ್ಮ ನಿಜವಾದ ಉತ್ತರ ಅದೇ.

ಮೊದಲ ಸಲ ಎಲ್ಲವೂ ನಿಧಾನ ಎನಿಸಿದರೆ ಆಶ್ಚರ್ಯವಿಲ್ಲ. ಸ್ನ್ಯಾಪ್‌ಶಾಟ್‌ನಿಂದ ಮಾಡಿದ ವಾಲ್ಯೂಮ್ ತಕ್ಷಣ ಸಿದ್ಧವಾದಂತೆ ಕಂಡರೂ ಪ್ರತಿ ಬ್ಲಾಕ್ ಎಸ್3ಯಿಂದ ಇಳಿದು ಬರುವುದು ಅದನ್ನು ಮೊದಲ ಸಲ ಓದಿದಾಗ. ದೊಡ್ಡ ಡೇಟಾಬೇಸ್ ಆದರೆ ಬಳಕೆದಾರರನ್ನು ಒಳಬಿಡುವ ಮೊದಲು ‘ಡಿಡಿ’ ಅಥವಾ ‘ಎಫ್‌ಐಒ’ ಮೂಲಕ ಇಡೀ ಡಿಸ್ಕನ್ನು ಒಮ್ಮೆ ಓದಿಸಿಬಿಡಿ. ಕಾಯಲು ಸಮಯವೇ ಇಲ್ಲದವರಿಗೆ ‘ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್’ ಇದೆ. ಆದರೆ ಅದಕ್ಕೆ ಪ್ರತಿ ಸ್ನ್ಯಾಪ್‌ಶಾಟ್‌ಗೆ, ಪ್ರತಿ ಜೋನ್‌ಗೆ ಗಂಟೆಯ ಲೆಕ್ಕದಲ್ಲಿ ದುಡ್ಡು. ಆನ್ ಮಾಡಿ ಮರೆತರೆ ತಿಂಗಳ ಕೊನೆಗೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ.

ಅಭ್ಯಾಸ ಮುಗಿದ ಮೇಲೆ ಆ ವಾಲ್ಯೂಮ್ ಮತ್ತು ಸಣ್ಣ ಸರ್ವರನ್ನು ಅಳಿಸಿ.

ಹೆಜ್ಜೆ 4: ನಿಯಮ ಬರೆಯುವುದು

‘ಡೇಟಾ ಲೈಫ್‌ಸೈಕಲ್ ಮ್ಯಾನೇಜರ್’ ಎಂಬ ಸೌಲಭ್ಯಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಯಾವ ಟ್ಯಾಗ್ ಇರುವ ಡಿಸ್ಕ್‌ಗಳಿಗೆ, ಎಷ್ಟು ಗಂಟೆಗೊಮ್ಮೆ, ಎಷ್ಟು ಪ್ರತಿ ಉಳಿಸಿಕೊಳ್ಳಬೇಕು ಎಂದು ಹೇಳಿದರೆ ತೆಗೆಯುವುದನ್ನೂ ಹಳೆಯದನ್ನು ಅಳಿಸುವುದನ್ನೂ ಅದೇ ನೋಡಿಕೊಳ್ಳುತ್ತದೆ. ಸಣ್ಣ ಕಚೇರಿಗೆ ನನ್ನ ಸಲಹೆ: ದಿನಕ್ಕೊಂದರಂತೆ ಏಳು, ವಾರಕ್ಕೊಂದರಂತೆ ನಾಲ್ಕು, ತಿಂಗಳಿಗೊಂದರಂತೆ ಆರು. ಲೆಕ್ಕಪತ್ರದ ಡಿಸ್ಕಿಗೆ ಇದರ ಮೇಲೆ ಕೆಲಸದ ವೇಳೆಯಲ್ಲಿ ನಾಲ್ಕು ಗಂಟೆಗೊಂದು.

ಇಲ್ಲಿ ಸಮಯವನ್ನು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಬರೆಯಬೇಕು. ನಮ್ಮ ರಾತ್ರಿ 2 ಗಂಟೆ ಎಂದರೆ ಅಲ್ಲಿ ಹಿಂದಿನ ದಿನದ 20:30. ಇದನ್ನು ಗಮನಿಸದೆ ‘02:00’ ಎಂದು ಬರೆದವರ ಸ್ನ್ಯಾಪ್‌ಶಾಟ್ ಬೆಳಿಗ್ಗೆ ಏಳೂವರೆಗೆ ಆಗುತ್ತಿರುತ್ತದೆ. ಜೊತೆಗೆ, ಹೇಳಿದ ನಿಮಿಷಕ್ಕೇ ಶುರುವಾಗುವುದಿಲ್ಲ, ಆ ಹೊತ್ತಿನಿಂದ ಒಂದು ಗಂಟೆಯೊಳಗೆ ಶುರುವಾಗುತ್ತದೆ.

ನನ್ನ ಸೋಮವಾರದ ಕಥೆಗೆ ಪರಿಹಾರ ಇಲ್ಲೇ ಇದೆ. 2023ರ ಕೊನೆಯಿಂದ ‘ಡಿಫಾಲ್ಟ್ ಪಾಲಿಸಿ’ ಎಂಬ ಬಗೆಯ ನಿಯಮ ಬಂದಿದೆ. ಅದು ಟ್ಯಾಗ್ ಕೇಳುವುದಿಲ್ಲ. ಇತ್ತೀಚೆಗೆ ಬ್ಯಾಕಪ್ ಆಗದ ಎಲ್ಲ ಡಿಸ್ಕ್‌ಗಳನ್ನೂ ತಾನೇ ಹುಡುಕಿ ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ಬೇಡದ್ದನ್ನು ಪಟ್ಟಿಯಿಂದ ಹೊರಗಿಡಬಹುದು. ಟ್ಯಾಗ್ ನಿಯಮ ಮುಖ್ಯವಾದ ಡಿಸ್ಕ್‌ಗಳಿಗೆ ಇರಲಿ, ಅದರ ಕೆಳಗೆ ಬಲೆಯಂತೆ ಇದೊಂದು ಇರಲಿ. ಮರೆತ ಡಿಸ್ಕನ್ನು ಹಿಡಿಯುವುದು ಈ ಬಲೆಯೇ.

ಡೇಟಾಬೇಸ್ ಇರುವವರಿಗೆ ಇನ್ನೊಂದು ಮಾತು. ಸ್ನ್ಯಾಪ್‌ಶಾಟ್ ಇದೆಯೆಂದು ಡಂಪ್, ಅಂದರೆ ಡೇಟಾಬೇಸ್‌ನ ಒಳಗಿನದನ್ನು ಕಡತಕ್ಕೆ ಬರೆದ ಪ್ರತಿ, ತೆಗೆಯುವುದನ್ನು ನಿಲ್ಲಿಸಬೇಡಿ. ಒಂದೇ ಒಂದು ಟೇಬಲ್ ಕಳೆದುಕೊಂಡಾಗ ಇಡೀ ಡಿಸ್ಕ್ ಎಬ್ಬಿಸುವುದಕ್ಕಿಂತ ಡಂಪ್‌ನಿಂದ ತೆಗೆಯುವುದು ಸಲೀಸು.

ಹೆಜ್ಜೆ 5: ಬೇರೆ ಊರಿಗೆ, ಬೇರೆ ಖಾತೆಗೆ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಸರ್ವರನ್ನೂ ಬ್ಯಾಕಪ್ಪನ್ನೂ ಒಂದೇ ಕಡೆ ಇಟ್ಟವರು ಎರಡನ್ನೂ ಕಳೆದುಕೊಂಡರು. ನಿಮ್ಮದು ಮುಂಬೈಯಲ್ಲಿದ್ದರೆ ಒಂದು ಪ್ರತಿ ಹೈದರಾಬಾದಿಗೆ ಹೋಗಲಿ. 2022ರ ನವೆಂಬರ್‌ನಿಂದ ಅಮೆಜಾನಿನ ಎರಡನೇ ಭಾರತೀಯ ರೀಜನ್ ಅಲ್ಲಿದೆ. ಪಾವತಿ ವ್ಯವಸ್ಥೆಗಳ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿರುವುದರಿಂದ, ಆ ಕ್ಷೇತ್ರದವರಿಗೆ ಸಿಂಗಪುರಕ್ಕಿಂತ ಹೈದರಾಬಾದ್ ನಿಶ್ಚಿಂತೆ. ಹೈದರಾಬಾದ್ ರೀಜನ್ ಮೊದಲಿಗೆ ನಿಮ್ಮ ಖಾತೆಯಲ್ಲಿ ಮುಚ್ಚಿರುತ್ತದೆ. ಖಾತೆಯ ಸೆಟ್ಟಿಂಗ್‌ನಲ್ಲಿ ತೆರೆದುಕೊಳ್ಳಬೇಕು. ಆಮೇಲೆ ಅದೇ ನಿಯಮದಲ್ಲಿ ಬೇರೆ ರೀಜನ್‌ಗೆ ನಕಲಿಸುವ ಆಯ್ಕೆ ಹಾಕಿ.

ಬೆಂಕಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು ಘಟನೆ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕನ್ಸೋಲ್‌ಗೆ ಯಾರೋ ನುಗ್ಗಿ ಹಣ ಕೇಳಿದರು. ಕಂಪನಿ ಖಾತೆಯನ್ನು ವಾಪಸ್ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟಾಗ ಅವರು ಸ್ನ್ಯಾಪ್‌ಶಾಟ್‌ಗಳನ್ನು, ಎಸ್3ಯಲ್ಲಿದ್ದ ಸಂಗ್ರಹವನ್ನು ಒಂದೊಂದಾಗಿ ಅಳಿಸಿದರು. ಬ್ಯಾಕಪ್ ಇತ್ತು, ಅದೇ ಬೀಗದ ಕೈಗೆ ಸಿಗುವಂತೆ ಇತ್ತು. ಕಂಪನಿ ಬಾಗಿಲು ಮುಚ್ಚಿತು.

ಆದ್ದರಿಂದ ಬ್ಯಾಕಪ್‌ಗೆಂದೇ ಬೇರೆ ಖಾತೆ ತೆರೆಯಿರಿ. ಬೇರೆ ಪಾಸ್‌ವರ್ಡ್, ಬೇರೆ ಎರಡನೇ ಹಂತದ ದೃಢೀಕರಣ, ದಿನನಿತ್ಯ ಯಾರೂ ಒಳಹೋಗದ ಖಾತೆ. ಸ್ನ್ಯಾಪ್‌ಶಾಟನ್ನು ಆ ಖಾತೆಯೊಂದಿಗೆ ಹಂಚಿಕೊಂಡು, ಅಲ್ಲಿ ಅದನ್ನು ನಕಲಿಸಿಕೊಳ್ಳಿ. ಹಂಚಿಕೊಂಡದ್ದಷ್ಟೇ ಸಾಲದು, ಮೂಲವನ್ನು ಅಳಿಸಿದರೆ ಹಂಚಿದ್ದೂ ಹೋಗುತ್ತದೆ. ಇಲ್ಲಿ ಹಲವರು ಎಡವುವುದು ದತ್ತಾಂಶವನ್ನು ಗೂಢಲಿಪಿಯಾಗಿಸುವ ಎನ್‌ಕ್ರಿಪ್ಶನ್ ಕೀ ವಿಷಯದಲ್ಲಿ. ಅಮೆಜಾನ್ ತಾನಾಗಿ ಕೊಡುವ ಇಬಿಎಸ್ ಕೀಯಿಂದ ಎನ್‌ಕ್ರಿಪ್ಟ್ ಆದ ಸ್ನ್ಯಾಪ್‌ಶಾಟನ್ನು ಬೇರೆ ಖಾತೆಗೆ ಹಂಚಲು ಬರುವುದಿಲ್ಲ. ನೀವೇ ಮಾಡಿಕೊಂಡ ಕೀ ಬೇಕು. ಆ ಕೀಯನ್ನು ಯಾರಾದರೂ ಅಳಿಸಿದರೆ ಅದರಡಿಯ ಸ್ನ್ಯಾಪ್‌ಶಾಟ್‌ಗಳೆಲ್ಲ ಓದಲಾಗದ ಕಸ. ಅಳಿಸಲು ಕೋರಿದ ಮೇಲೆ 7ರಿಂದ 30 ದಿನಗಳ ಕಾಯುವ ಅವಧಿ ಇರುವುದು ಇದಕ್ಕೇ. ಅದನ್ನು ಯಾವಾಗಲೂ 30 ದಿನಕ್ಕೆ ಇಡಿ.

ಹೆಜ್ಜೆ 6: ಅಳಿಸಲು ಬಾರದಂತೆ

‘ರೀಸೈಕಲ್ ಬಿನ್’ ನಿಯಮವೊಂದನ್ನು ಹಾಕಿದರೆ ಅಳಿಸಿದ ಸ್ನ್ಯಾಪ್‌ಶಾಟ್ ನೀವು ಹೇಳಿದಷ್ಟು ದಿನ, ಒಂದು ದಿನದಿಂದ ಒಂದು ವರ್ಷದವರೆಗೆ, ಬುಟ್ಟಿಯಲ್ಲಿ ಉಳಿಯುತ್ತದೆ. ಕೈತಪ್ಪಿಗೆ ಇದು ಸಾಕು. ಹದಿನಾಲ್ಕು ದಿನ ಇಡಿ.

ಕಳ್ಳರಿಗೆ ಇದು ಸಾಲದು. ತಿಂಗಳ ಸ್ನ್ಯಾಪ್‌ಶಾಟ್‌ಗೆ ‘ಸ್ನ್ಯಾಪ್‌ಶಾಟ್ ಲಾಕ್’ ಹಾಕಿ. ಇದರಲ್ಲಿ ಎರಡು ಬಗೆ. ಗವರ್ನೆನ್ಸ್ ಬಗೆಯಲ್ಲಿ ಅಧಿಕಾರ ಇದ್ದವರು ಲಾಕ್ ತೆಗೆಯಬಹುದು. ಕಂಪ್ಲಯನ್ಸ್ ಬಗೆಯಲ್ಲಿ ಅವಧಿ ಮುಗಿಯುವವರೆಗೆ ಖಾತೆಯ ಒಡೆಯರೂ ಅಳಿಸಲಾರರು. ಬೇಕಿದ್ದರೆ ಶುರುವಿಗೆ 72 ಗಂಟೆಗಳವರೆಗೆ ಮನಸ್ಸು ಬದಲಿಸುವ ಅವಕಾಶ ಇಟ್ಟುಕೊಳ್ಳಬಹುದು. ದಿನ ಎಂದು ಬರೆಯುವಲ್ಲಿ ವರ್ಷ ಎಂದು ಬರೆದರೆ ಅಷ್ಟು ವರ್ಷ ದುಡ್ಡು ಕಟ್ಟಬೇಕಾಗುತ್ತದೆ, ಹಾಗಾಗಿ ಮೊದಲು ಗವರ್ನೆನ್ಸ್‌ನಲ್ಲಿ ಒಂದು ತಿಂಗಳು ಪಳಗಿ.

ಸ್ನ್ಯಾಪ್‌ಶಾಟ್‌ಗಳನ್ನು ಸಾರ್ವಜನಿಕವಾಗಿ ಹಂಚಿಕೊಳ್ಳದಂತೆ ತಡೆಯುವ ಸೆಟ್ಟಿಂಗ್ ಪ್ರತಿ ರೀಜನ್‌ಗೂ ಬೇರೆ ಬೇರೆ ಇದೆ. ಎರಡೂ ಕಡೆ ಆನ್ ಮಾಡಿ.

ಹೆಜ್ಜೆ 7: ಖರ್ಚು

ಪಟ್ಟಿಯಲ್ಲಿ ಸ್ನ್ಯಾಪ್‌ಶಾಟ್ ಗಾತ್ರ ಎಂದು ಕಾಣುವುದು ಮೂಲ ಡಿಸ್ಕಿನ ಗಾತ್ರ. ಬಿಲ್ ಬರುವುದು ನಿಜವಾಗಿ ಇಟ್ಟ ಬ್ಲಾಕ್‌ಗಳಿಗೆ. ಆದ್ದರಿಂದ 100 ಜಿಬಿಯ ಏಳು ಸಾಲು ನೋಡಿ 700 ಜಿಬಿ ಎಂದು ಹೆದರಬೇಡಿ. ನಿಜವಾದ ಪೋಲು ಬೇರೆಡೆ ಇದೆ: ಎಂದೋ ಅಳಿಸಿದ ಸರ್ವರ್‌ಗಳ ಅನಾಥ ಸ್ನ್ಯಾಪ್‌ಶಾಟ್‌ಗಳು. ಅವುಗಳಲ್ಲಿ ಕೆಲವನ್ನು ಅಳಿಸಲು ಹೋದರೆ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ. ಯಾವುದೋ ಹಳೆಯ ಮೆಷಿನ್ ಇಮೇಜ್ (ಹೊಸ ಸರ್ವರ್ ಮಾಡಲು ಬಳಸುವ ಅಚ್ಚು) ಅದನ್ನು ಹಿಡಿದುಕೊಂಡಿರುತ್ತದೆ. ಮೊದಲು ಆ ಇಮೇಜ್‌ನ ನೋಂದಣಿ ತೆಗೆಯಿರಿ.

ಅಪರೂಪಕ್ಕೆ ಬೇಕಾಗುವ ಸ್ನ್ಯಾಪ್‌ಶಾಟ್‌ಗಳನ್ನು ಇಡುವ ‘ಆರ್ಕೈವ್’ ಹಂತದಲ್ಲಿ ದರ ಬಹಳ ಅಗ್ಗ. ಆದರೆ ಅಲ್ಲಿಗೆ ಹೋಗುವಾಗ ಸ್ನ್ಯಾಪ್‌ಶಾಟ್ ಪೂರ್ಣ ಪ್ರತಿಯಾಗುತ್ತದೆ, ಕನಿಷ್ಠ 90 ದಿನಗಳ ಬಾಡಿಗೆ ಕಟ್ಟಲೇಬೇಕು, ವಾಪಸ್ ತರಲು 72 ಗಂಟೆಗಳವರೆಗೆ ಹಿಡಿಯಬಹುದು. ದಿನನಿತ್ಯದ ಸ್ನ್ಯಾಪ್‌ಶಾಟನ್ನು ಅಲ್ಲಿಗೆ ಕಳಿಸಿದರೆ ಖರ್ಚು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು. ವರ್ಷಕ್ಕೊಂದು ಇಡುವ ಪ್ರತಿಗೆ ಮಾತ್ರ ಅದು ಸರಿಯಾದ ಜಾಗ.

ಹೆಜ್ಜೆ 8: ಕಾವಲು

2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್‌ನ ಫೋಲ್ಡರನ್ನು ಅಳಿಸಿದರು. ಡಂಪ್ ಇರಬೇಕಾದ ಕಡೆ ನೋಡಿದರೆ ಏನೂ ಇರಲಿಲ್ಲ. ಡಂಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ಅದು ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ದೃಢೀಕರಣ ಸರಿಯಿಲ್ಲವೆಂದು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಇದೆಲ್ಲವನ್ನೂ ಅವರು ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಿದರು, ಆ ಪ್ರಾಮಾಣಿಕತೆಗೆ ನಾನು ಋಣಿ.

ಇದರಿಂದ ನಾನು ರೂಢಿಸಿಕೊಂಡ ಪದ್ಧತಿ ಇದು. ವಿಫಲವಾದಾಗ ಸಂದೇಶ ಬರಲಿ ಎಂದು ಕಾಯುವುದಿಲ್ಲ. ಬೇರೊಂದು ಯಂತ್ರದಲ್ಲಿ ಸಣ್ಣ ಸ್ಕ್ರಿಪ್ಟ್ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಎಲ್ಲ ವಾಲ್ಯೂಮ್‌ಗಳ ಪಟ್ಟಿ ತೆಗೆದು, ಪ್ರತಿಯೊಂದರ ತೀರಾ ಇತ್ತೀಚಿನ ಪೂರ್ಣಗೊಂಡ ಸ್ನ್ಯಾಪ್‌ಶಾಟ್‌ನ ವಯಸ್ಸು ನೋಡುತ್ತದೆ. 26 ಗಂಟೆ ಮೀರಿದ್ದರೆ ಆ ಡಿಸ್ಕಿನ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ. ಎಲ್ಲ ಸರಿಯಿದ್ದರೂ ‘ಹನ್ನೊಂದರಲ್ಲಿ ಹನ್ನೊಂದು ಸರಿ’ ಎಂಬ ಸಂದೇಶ ಬರುತ್ತದೆ. ಎಂಟೂಕಾಲಾದರೂ ಸಂದೇಶ ಬಾರದಿದ್ದರೆ ಕಾಫಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆಯುತ್ತೇನೆ.

ಮೂರು ತಿಂಗಳಿಗೊಮ್ಮೆ ಮೂರನೇ ಹೆಜ್ಜೆಯನ್ನು ಪೂರ್ತಿಯಾಗಿ ಮತ್ತೆ ಮಾಡಿ. ಈ ಸಲ ಹೈದರಾಬಾದಿನ ಪ್ರತಿಯಿಂದ, ಬ್ಯಾಕಪ್ ಖಾತೆಯ ಒಳಗಿನಿಂದ. ನೀವು ಮಾಡಬೇಡಿ, ತಂಡಕ್ಕೆ ಹೊಸದಾಗಿ ಸೇರಿದವರ ಕೈಯಲ್ಲಿ ಒಂದು ಹಾಳೆ ಕೊಟ್ಟು ಮಾಡಿಸಿ, ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಹಾಳೆಗೆ ಒಂದು ಸಾಲು ಸೇರಿಸಿ. ಖಾತೆಯ ಸಂಖ್ಯೆ, ಕೀಯ ಹೆಸರು, ಯಾವ ಜೋನ್, ಮೌಂಟ್ ಆಜ್ಞೆ, ದೃಢೀಕರಣದ ಸಾಧನ ಯಾರ ಬಳಿ ಇದೆ, ಕಳೆದ ಸಲ ಎಷ್ಟು ನಿಮಿಷ ಹಿಡಿಯಿತು, ಇವೆಲ್ಲ ಅದರಲ್ಲಿರಲಿ. ಪಾಸ್‌ವರ್ಡ್ ಮಾತ್ರ ಬೇಡ. ಹಾಳೆಯ ಒಂದು ಪ್ರತಿಯನ್ನು ಮುದ್ರಿಸಿ ಕಚೇರಿಯ ಬೀರುವಿನಲ್ಲಿ ಇಡಿ. ಸರ್ವರ್ ಬಿದ್ದ ದಿನ ಅದೇ ಸರ್ವರ್‌ನಲ್ಲಿರುವ ಕಡತವನ್ನು ಯಾರೂ ತೆರೆಯಲಾರರು.